ಕುಗ್ಗಿದ ಟೋಪಿ, ಕೂತ ಟೋಪಿ: ಒಂದು ಚಳಿಗಾಲದ ಲೆಕ್ಕ

ಏಪ್ರಿಲ್ 14

ಮೊದಲ ಟೋಪಿ ಇವತ್ತು ತೀರಿಕೊಂಡಿತು. ಬದುಕಿದ್ದು ಮೂರೇ ವಾರ.

ನಿನ್ನೆ ಸಂಜೆ ಟ್ರಾಮ್ ಇಳಿದು ಮನೆಗೆ ನಡೆಯುವಾಗ ಮಳೆ ಹಿಡಿಯಿತು. ಮೆಲ್ಬರ್ನಿನ ಮಳೆ ಹೇಳಿ ಕೇಳಿ ಬರುವುದಿಲ್ಲ. ಇಪ್ಪತ್ತು ನಿಮಿಷ ನೆನೆದ ಟೋಪಿಯನ್ನು ಬೇಗ ಒಣಗಲಿ ಎಂದು ಹೀಟರಿನ ಎದುರು ಕುರ್ಚಿಯ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಂಚು ಬಾಡಿದ ಕೆಸುವಿನ ಎಲೆಯಂತೆ ಜೋತುಬಿದ್ದಿದೆ, ನೆತ್ತಿಯ ತಗ್ಗು ಮೇಲಕ್ಕೆ ಉಬ್ಬಿಕೊಂಡಿದೆ. ತಲೆಗಿಟ್ಟರೆ ಕಿವಿಯಿಂದ ಮೂರು ಬೆರಳು ಮೇಲೆಯೇ ನಿಂತಿತು. ಮಗ ಅದರ ಫೋಟೊ ತೆಗೆದು ಧಾರವಾಡದಲ್ಲಿರುವ ಅಜ್ಜಿಗೆ ಕಳಿಸಿಯೂ ಆಯಿತು.

ನಲವತ್ತು ಡಾಲರ್ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದ ಫೆಡೋರಾ ಅದು, ಉಣ್ಣೆಯ ಫೆಲ್ಟಿನದು, ಅಂದರೆ ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆಯದು. ಚಿತ್ರದಲ್ಲಿ ಎಲ್ಲ ಫೆಡೋರಾಗಳೂ ಒಂದೇ: ನೆತ್ತಿಯ ಮೇಲೊಂದು ಉದ್ದನೆಯ ತಗ್ಗು, ಮುಂದೆ ಎರಡು ಬದಿಗೆ ಚಿವುಟಿದ ಗುರುತು, ಸುತ್ತ ರಿಬ್ಬನ್, ಹಿಂದೆ ಮೇಲಕ್ಕೂ ಮುಂದೆ ಕೆಳಕ್ಕೂ ಬಾಗುವ ಅಂಚು. ನಾನು ಬಣ್ಣ ನೋಡಿ ಆರಿಸಿದ್ದೆ. ಮಾವಿನಹಣ್ಣನ್ನು ಫೋಟೊ ನೋಡಿ ಕೊಂಡ ಹಾಗೆ.

ಟೋಪಿಯ ಹುಚ್ಚು ಯಾಕೆ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಒಂದು, ನೆತ್ತಿಯಲ್ಲಿ ಕೂದಲಿಲ್ಲ, ಇಲ್ಲಿ ಚಳಿಗಾಲವಾದ ಜೂನಿನ ಗಾಳಿ ನೇರ ತಲೆಬುರುಡೆಗೇ ತಾಗುತ್ತದೆ. ಇನ್ನೊಂದು, ಅಜ್ಜನ ಕರಿ ಟೋಪಿ. ಪಡಸಾಲೆಯ ಗೂಟದ ಮೇಲೆ ಅದು ಇದೆಯೋ ಇಲ್ಲವೋ ನೋಡಿದರೆ ಸಾಕು, ಅಜ್ಜ ಮನೆಯಲ್ಲಿದ್ದಾರೋ ಇಲ್ಲವೋ ತಿಳಿಯುತ್ತಿತ್ತು.

ಏಪ್ರಿಲ್ 27

ನಗರದ ಹಳೆಯ ಟೋಪಿ ಅಂಗಡಿಯೊಂದಕ್ಕೆ ಹೋಗಿದ್ದೆ. ಕೊಳ್ಳುವುದಕ್ಕಲ್ಲ, ಮುಟ್ಟಿ ನೋಡುವುದಕ್ಕೆ. ಗಲ್ಲೆಯಲ್ಲಿದ್ದ ಹಿರಿಯರಿಗೆ ಸತ್ತ ಟೋಪಿಯ ಕಥೆ ಹೇಳಿದೆ. ಅವರು ನಗಲಿಲ್ಲ. ಒಂದು ಉಣ್ಣೆಯದು, ಒಂದು ಮೊಲದ ತುಪ್ಪಳದ್ದು, ಎರಡು ಟೋಪಿಗಳನ್ನು ನನ್ನ ಎರಡು ಕೈಗಳಿಗೆ ಕೊಟ್ಟು ಅಂಚನ್ನು ಬಾಗಿಸಿ ಬಿಡಲು ಹೇಳಿದರು. ಉಣ್ಣೆಯದು ದಪ್ಪ ರಟ್ಟಿನಂತೆ ಮೊಂಡಾಗಿ ಬಾಗಿತು, ವಾಪಸು ಬರಲು ಯೋಚನೆ ಮಾಡಿತು. ತುಪ್ಪಳದ್ದು ತೆಳು, ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಚಿಮ್ಮಿತು. ಹೆಬ್ಬೆರಳಿನಿಂದ ಸವರಿದರೆ ಕರುವಿನ ಕಿವಿ ನೆನಪಾಯಿತು.

ಕಂಬಳಿಗೆ ನೂಲುಂಟು, ಹಾಸು ಹೊಕ್ಕುಂಟು. ಫೆಲ್ಟಿಗೆ ಅವೆರಡೂ ಇಲ್ಲ. ಕೂದಲಿನ ಮೈಮೇಲಿರುವ ಸೂಕ್ಷ್ಮ ಹುರುಪೆಗಳು ಬಿಸಿನೀರು, ಹಬೆ, ತಿಕ್ಕಾಟಗಳಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ; ಸಿಕ್ಕು ಬಿಗಿಯಾದಷ್ಟೂ ಬಟ್ಟೆ ಕುಗ್ಗುತ್ತದೆ. ಕಾರ್ಖಾನೆಯಲ್ಲಿ ಮೊಲದ ಒಳತುಪ್ಪಳವನ್ನು ಗಾಳಿಯಲ್ಲಿ ತೂರಿ, ತೂತುಗಳಿರುವ ಲೋಹದ ಶಂಕುವಿನ ಮೇಲೆ ಒಳಗಿನಿಂದ ಎಳೆದು ಕೂರಿಸುತ್ತಾರೆ. ಮೇಲೆ ಬಿಸಿನೀರು ಬಿದ್ದಾಗ ಅದೊಂದು ದೊಡ್ಡ, ಸಡಿಲ ಕುಲಾವಿಯಾಗುತ್ತದೆ. ಅದನ್ನೇ ಮತ್ತೆ ಮತ್ತೆ ಹಬೆಯಲ್ಲಿ ಉರುಳಿಸಿ, ಒತ್ತಿ, ತಲೆಯ ಅಳತೆಗೆ ಇಳಿಸುವುದು. ನವಿರಾದ ತುಪ್ಪಳ ಹೀಗೆ ಇನ್ನು ಕುಗ್ಗಲು ಜಾಗವೇ ಇಲ್ಲದಷ್ಟು ಬಿಗಿಯುತ್ತದೆ. ಅಗ್ಗದ ಉಣ್ಣೆಯ ಫೆಲ್ಟ್ ಅಷ್ಟು ಬಿಗಿದಿರುವುದಿಲ್ಲ. ಕಾರ್ಖಾನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ನಮ್ಮ ಮನೆಯ ಹೀಟರು ಮುಗಿಸಿತ್ತು.

ಅಲ್ಲೇ ತಲೆಯ ಅಳತೆಯೂ ಆಯಿತು. ಟೇಪು ಹಣೆಯ ನಡುವೆ, ಕಿವಿಯ ಸ್ವಲ್ಪ ಮೇಲೆ, ಹಿಂದೆ ಬುರುಡೆಯ ಉಬ್ಬಿನ ಮೇಲೆ ಹಾಯಬೇಕು. 58 ಸೆಂಟಿಮೀಟರ್. ಇದೇ ತಲೆ ಅಮೆರಿಕದ ಟೋಪಿಯಲ್ಲಿ ಏಳೂಕಾಲು, ಬ್ರಿಟಿಷ್ ಲೆಕ್ಕದಲ್ಲಿ ಏಳು ಮತ್ತು ಎಂಟನೇ ಒಂದು. ಹಳೆಯ ಟೋಪಿ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಆದರೆ ಅಳತೆ ಸರಿಯಿದ್ದೂ ಅಂಗಡಿಯ ಟೋಪಿ ನನಗೆ ಹಣೆಯಲ್ಲಿ ಒತ್ತಿ, ಕಪಾಲದ ಎರಡೂ ಬದಿಗೆ ಬೆರಳು ತೂರುವಷ್ಟು ಸಡಿಲವಾಗಿತ್ತು. "ನಿಮ್ಮದು ಉದ್ದ ತಲೆ" ಎಂದರು ಹಿರಿಯರು. ಐವತ್ತೆರಡು ವರ್ಷ ಹೊತ್ತು ತಿರುಗಿದ ತಲೆಯ ಆಕಾರ ನನಗೆ ಗೊತ್ತಾದದ್ದು ಇವತ್ತು.

ಅಮೆರಿಕದ ಟೋಪಿಗಳ ಒಳಗೆ ಫೆಲ್ಟಿನ ದರ್ಜೆ ತೋರಿಸಲು ಮುದ್ರಿಸುವ 5ಎಕ್ಸ್, 10ಎಕ್ಸ್ ಗುರುತುಗಳ ಬಗ್ಗೆಯೂ ಕೇಳಿದೆ. ಒಂದೇ ಕಂಪನಿಯ ಟೋಪಿಗಳನ್ನು ತಮ್ಮತಮ್ಮಲ್ಲಿ ಹೋಲಿಸಲು ಮಾತ್ರ ಅದು ಉಪಯೋಗ. ಎಲ್ಲ ಕಂಪನಿಗಳಿಗೂ ಸಲ್ಲುವ ಒಂದೇ ಅಳತೆಗೋಲು ಇಲ್ಲ.

ಹೊಸ ತುಪ್ಪಳದ ಟೋಪಿಯ ಬೆಲೆ ಇನ್ನೂರು ಡಾಲರ್ ದಾಟುತ್ತದೆ. ಬರಿಗೈಯಲ್ಲಿ ಬಂದೆ.

ಮೇ 11

ಸಿಕ್ಕಿತು! ದಾನಕ್ಕೆ ಬಂದ ಸಾಮಾನು ಮಾರುವ ಆಪ್ ಶಾಪಿನಲ್ಲಿ, ಸೂಟ್‌ಕೇಸುಗಳ ಹಿಂದೆ ಎರಡು ಟೋಪಿಗಳಿದ್ದವು.

ಒಂದು ತುಂಬಾ ಹಳೆಯದು, ರೇಷ್ಮೆಯ ಅಸ್ತರು, ನೋಡಲು ಅದೇ ಚೆಂದ. ಅದನ್ನು ಅಲ್ಲೇ ಬಿಟ್ಟೆ. ಹಿಂದೆ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಎಂದು ಅದಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಕನೆಕ್ಟಿಕಟ್‌ನ ಡ್ಯಾನ್‌ಬರಿ ಟೋಪಿಗಳ ಊರು. ಪಾದರಸದ ವಿಷದಿಂದ ಅಲ್ಲಿಯ ಕೆಲಸಗಾರರಿಗೆ ಬಂದ ಕೈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಅಮೆರಿಕದಲ್ಲಿ ಟೋಪಿಯ ಫೆಲ್ಟಿಗೆ ಪಾದರಸ ಬಳಸುವುದು ನಿಷೇಧವಾದದ್ದು 1941ರಲ್ಲಿ. ಆ ಕಾಲದ ಟೋಪಿಗಳಲ್ಲಿ ಪಾದರಸ ಇನ್ನೂ ಉಳಿದಿರಬಹುದೆಂದು ವಸ್ತುಸಂಗ್ರಹಾಲಯದವರು ಕೈಗವಸು ಹಾಕಿಯೇ ಮುಟ್ಟುತ್ತಾರೆ. ಅಂಥದ್ದನ್ನು ನಮ್ಮ ಅಡುಗೆಮನೆಯಲ್ಲಿ ಹಬೆಗೆ ಹಿಡಿಯುವ ಧೈರ್ಯ ನನಗಿಲ್ಲ.

ಇನ್ನೊಂದು ಒಣಗಿದ ಅಡಿಕೆಯ ಬಣ್ಣದ ಅಕೂಬ್ರಾ, ಆಸ್ಟ್ರೇಲಿಯಾದ್ದೇ ಕಂಪನಿಯ ಟೋಪಿ. ಚರ್ಮದ ಒಳಪಟ್ಟಿಯ ಮೇಲೆ "ಪ್ಯೂರ್ ಫರ್ ಫೆಲ್ಟ್" ಎಂಬ ಮುದ್ರೆ. ಪಟ್ಟಿಯನ್ನು ಹೊರಕ್ಕೆ ಮಗುಚಿದಾಗ 58 ಎಂದಿದ್ದ ಚೀಟಿ, ಅದರ ಮೇಲೆ ಬಾರ್‌ಕೋಡ್. ಹಾಗಾದರೆ ಪಾದರಸದ ಕಾಲದ್ದಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನುಸಿ ತೂತು ಹುಡುಕಿದೆ: ಇಲ್ಲ. ಮುಂದಿನ ಚಿವುಟಿನಲ್ಲಿ ಬಿರುಕು: ಇಲ್ಲ. ಎಲ್ಲರೂ ಹಿಡಿದೆತ್ತುವುದು ಅಲ್ಲೇ ಆದ್ದರಿಂದ ಮೊದಲು ಸೀಳುವುದೂ ಅಲ್ಲೇ. ರಿಬ್ಬನ್ ಮಾಸಿದೆ, ಅದರ ಮೇಲ್ಗಡೆ ಫೆಲ್ಟಿನಲ್ಲಿ ಜಿಡ್ಡಿನ ಕಲೆ, ಅಂಚು ಅಲೆಅಲೆ. ಹದಿನೆಂಟು ಡಾಲರ್. ಚೌಕಾಸಿ ಮಾಡಲು ನಾಚಿಕೆಯಾಯಿತು.

ರಾತ್ರಿ ಅಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ.

"ಯಾತರಿಂದ ಮಾಡಿದ್ದು?"

"ಮೊಲದ ತುಪ್ಪಳ, ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದಳು. ನಾನು ವಕೀಲಿಕೆ ಶುರು ಮಾಡಿದೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಇದೇ ವಿಕ್ಟೋರಿಯಾದಲ್ಲಿ ಬೇಟೆಯ ಮೋಜಿಗೆಂದು ಇಪ್ಪತ್ತನಾಲ್ಕು ಮೊಲ ತರಿಸಿ ಬಿಟ್ಟ. ಅವು ಹೆಚ್ಚಿ ಖಂಡದ ಹುಲ್ಲನ್ನೆಲ್ಲ ಮೇಯ್ದವು. 1950ರಲ್ಲಿ ಸರ್ಕಾರವೇ ರೋಗ ಹರಡಿಸಿ ಕೊಲ್ಲಬೇಕಾಯಿತು. ಟಾಸ್ಮೇನಿಯಾದ ಬೆಂಜಮಿನ್ ಡಂಕರ್ಲಿ ಎಂಬ ಟೋಪಿಗಾರ ಮೊಲದ ಒರಟು ಕೂದಲ ತುದಿ ಕತ್ತರಿಸುವ ಯಂತ್ರ ಮಾಡಿದ; ಆ ಉದ್ಯಮದ ಟೋಪಿಗಳಿಗೆ 1912ರಲ್ಲಿ ಅಕೂಬ್ರಾ ಎಂಬ ಹೆಸರು ಬಂತು; 1974ರಲ್ಲಿ ಕಾರ್ಖಾನೆ ನ್ಯೂ ಸೌತ್ ವೇಲ್ಸ್‌ನ ಕೆಂಪ್ಸಿ ಎಂಬ ಊರಿಗೆ ಹೋಯಿತು. ಮೇಲಾಗಿ ಇದು ಹಳೆಯದು, ನನಗಾಗಿ ಹೊಸ ಮೊಲ ಸತ್ತಿಲ್ಲ.

ಅಮ್ಮ ಎಲ್ಲ ಕೇಳಿಸಿಕೊಂಡು, "ದೇವರ ಮನೆಗೆ ತರಬೇಡ. ಮಾವನವರ ಕರಿ ಟೋಪಿ ಯಾತರದ್ದೆಂದು ಈ ಮನೆಯಲ್ಲಿ ಯಾರೂ ಕೇಳಲಿಲ್ಲ ನೋಡು" ಎಂದಳು.

ಮೇ 19

ಸ್ವಚ್ಛತೆ. ಮೊದಲು ಬ್ರಷ್: ಮೆತ್ತನೆಯ ಕೂದಲಿನದು, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ನವಿರು ಮಲಗಿರುವ ಕಡೆಗೆ. ಎಷ್ಟು ಧೂಳು!

ಜಿಡ್ಡಿನ ಕಲೆಗೆ ಹೆಂಡತಿಯ ಮುಲ್ತಾನಿ ಮಿಟ್ಟಿ ಕದ್ದೆ. ಉಣ್ಣೆ ಬಟ್ಟೆ ತುಳಿದು ಹದ ಮಾಡುವವರು ಜಿಡ್ಡು ತೆಗೆಯಲು ಬಳಸುತ್ತಿದ್ದುದರಿಂದಲೇ ಇಂಗ್ಲಿಷಿನಲ್ಲಿ ಆ ಮಣ್ಣಿಗೆ ಫುಲ್ಲರ್ಸ್ ಅರ್ತ್ ಎಂಬ ಹೆಸರು. ಒಣಪುಡಿಯನ್ನು ಕಲೆಯ ಮೇಲೆ ಹರಡಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಕೊಡವಿದಾಗ ಜಿಡ್ಡು ಮುಕ್ಕಾಲುಪಾಲು ಹೋಗಿತ್ತು. ಜೊತೆಗೆ ಅಡಿಕೆ ಬಣ್ಣದ ಮೇಲೆ ವಿಭೂತಿಯಂಥ ಬಿಳಿ ಪಟ್ಟೆ ಕೂತಿತ್ತು. ಎರಡು ದಿನ ಬ್ರಷ್ ಹೊಡೆದರೂ ಬಿಡಲಿಲ್ಲ. ಕೊನೆಗೆ ಹಬೆ ತೋರಿಸಿ ಬ್ರಷ್ ಮಾಡಿದಾಗ ಬಿಟ್ಟಿತು. ಕಪ್ಪು ಬಣ್ಣದ ಟೋಪಿಯವರು ಮೊದಲು ಒಳಪಟ್ಟಿಯ ಅಡಿಯಲ್ಲಿ, ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ನಾನು ಮಾಡಲಿಲ್ಲ.

ಜೂನ್ 2

ಆಕಾರ ಕೊಡುವ ದಿನ. ಪ್ರೆಶರ್ ಕುಕ್ಕರಿನಲ್ಲಿ ನೀರು ಕಾಯಿಸಿ, ವೆಯ್ಟ್ ತೆಗೆದು, ಹಬೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಟೋಪಿಯನ್ನು ಮಗುಚಿ ಹಿಡಿದೆ. ಅರ್ಧ ನಿಮಿಷದಲ್ಲಿ ನೆನೆದ ನಾಯಿಯ ವಾಸನೆ ಅಡುಗೆಮನೆ ತುಂಬಿತು. ಫೆಲ್ಟ್ ಚಪಾತಿ ಹಿಟ್ಟಿನಂತೆ ಮೆತ್ತಗಾಯಿತು. ಒಳಗಿನಿಂದ ಮುಷ್ಟಿಯಲ್ಲಿ ಒತ್ತಿದಾಗ ಹಿಂದಿನ ಯಜಮಾನನ ತಗ್ಗು, ಚಿವುಟು ಎಲ್ಲ ಅಳಿಸಿ, ಮಗುಚಿಟ್ಟ ಚರಿಗೆಯಂತೆ ದುಂಡಗಿನ ನೆತ್ತಿ ಎದ್ದು ನಿಂತಿತು. ಆ ಹೊತ್ತಿನಲ್ಲಿ ಅದು ಫೆಡೋರಾ ಅಲ್ಲ, ಏನೂ ಅಲ್ಲ. ನೆತ್ತಿಯ ಆಕಾರ ಅಂಗಡಿಯಿಂದಲೇ ಬರಬೇಕೆಂದಿಲ್ಲ ಎಂದು ಮೊದಲೇ ತಿಳಿದಿದ್ದರೆ ಬಣ್ಣ, ಚಿವುಟು ಎಂದು ಅಷ್ಟು ಚಿತ್ರ ನೋಡುತ್ತಿರಲಿಲ್ಲ. ಒಳ್ಳೆಯ ಫೆಲ್ಟ್, ಸಾಕಷ್ಟು ಎತ್ತರದ ನೆತ್ತಿ ಮತ್ತು ಸರಿಯಾದ ಅಳತೆ ಇದ್ದರೆ ಉಳಿದದ್ದು ಕೈಕೆಲಸ.

ಅಂಗೈ ಅಂಚಿನಿಂದ ನಡುವೆ ಉದ್ದಕ್ಕೆ ಒತ್ತಿ, ಹಿಂದೆ ಅಗಲ, ಮುಂದೆ ಕಿರಿದಾಗಿ ಹನಿಯಾಕಾರದ ತಗ್ಗು ಮಾಡಿದೆ. ಮುಂದಿನ ಚಿವುಟು ಮೊದಲ ಸಲ ಎಷ್ಟು ಆಳವಾಯಿತೆಂದರೆ ಟೋಪಿ ಯಾರ ಮೇಲೋ ಸಿಟ್ಟಾದಂತೆ ಕಂಡಿತು. ಮತ್ತೆ ಹಬೆ, ಮತ್ತೆ ಒತ್ತು. ಮೂರನೆಯ ಸಲಕ್ಕೆ ಶಾಂತವಾಯಿತು.

ಉದ್ದ ತಲೆಯ ಪ್ರಶ್ನೆಗೆ ಉಪಾಯ ಸರಳ: ಬುಡಕ್ಕೆ ಹಬೆ ಕೊಟ್ಟು ಎರಡೂ ಬದಿಯನ್ನು ಅಂಗೈಗಳ ನಡುವೆ ಒತ್ತಿ, ಬಿಸಿ ಆರುವ ಮುನ್ನ ತಲೆಗೆ ಹಾಕಿಕೊಂಡು ಅಲ್ಲೇ ಒಣಗಲು ಬಿಡುವುದು. ಒಂದೂವರೆ ಗಂಟೆ ಟೋಪಿ ಹಾಕಿಕೊಂಡೇ ಈರುಳ್ಳಿ ಹೆಚ್ಚಿದೆ, ಸಾರಿಗೆ ಒಗ್ಗರಣೆ ಕೊಟ್ಟೆ. ಹಣೆಯ ಒತ್ತು ಹೋಯಿತು. ಬದಲಿಗೆ ಅಂಚು ಮತ್ತಷ್ಟು ಅಲೆಯಾಯಿತು. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಆಡಿಸಿದ ಮೇಲೆ ಸಮವಾಯಿತು.

ಜೂನ್ 23

ಮೂರು ವಾರ ಹಾಕಿದ್ದೇನೆ. ಮೊದಲ ದಿನ ಟ್ರಾಮಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಮೊಬೈಲು ನೋಡುತ್ತಿದ್ದರು. ಹುಬ್ಬಿನಿಂದ ಒಂದೂವರೆ ಬೆರಳು ಮೇಲೆ, ರಿಬ್ಬನ್ನಿನ ಬೋ ಗಂಟು ಎಡಕ್ಕೆ, ಬಲಗಡೆಗೆ ಅರಿವಾಗದಷ್ಟು ವಾಲು. ಹಿಂದಕ್ಕೆ ಸರಿಸಿದರೆ ಜಾತ್ರೆಗೆ ಬಂದವನಂತೆ ಕಾಣುತ್ತೇನೆ, ಕನ್ನಡಿಯೇ ಹೇಳಿತು.

ಕಚೇರಿಯಲ್ಲಿ ಒಬ್ಬರು "ಡಿಟೆಕ್ಟಿವ್" ಎಂದರು. ಈ ಟೋಪಿಗೆ ಹೆಸರು ಕೊಟ್ಟಿದ್ದು ಒಬ್ಬ ರಾಜಕುಮಾರಿ ಎಂದೆ. 1882ರಲ್ಲಿ ಪ್ಯಾರಿಸಿನಲ್ಲಿ ವಿಕ್ಟೋರಿಯೆನ್ ಸಾರ್ದೂ ಬರೆದ ನಾಟಕದ ನಾಯಕಿ, ರಾಜಕುಮಾರಿ ಫೆಡೋರಾ. ಪಾತ್ರ ಮಾಡಿದ್ದು ಸಾರಾ ಬರ್ನಾರ್ಡ್. ಮೊದಲು ಹೆಂಗಸರೇ ಇದನ್ನು ಹಾಕಿ ಮೆರೆದದ್ದು. ಡಿಟೆಕ್ಟಿವ್ ಅಂದವರು ಸುಮ್ಮನಾದರು.

ಪ್ರಿನ್ಸಸ್ ಸೇತುವೆಯ ಮೇಲೆ ಯಾರ್ರಾ ನದಿಯ ಗಾಳಿ ಎರಡು ಸಲ ಟೋಪಿ ಎತ್ತಿತು. ಈಗ ಗಾಳಿಗೆ ಎದುರಾಗಿ ಹಣೆ ತಗ್ಗಿಸಿ ನಡೆಯುತ್ತೇನೆ, ಅಂಚಿನ ಮೇಲೆ ಗಾಳಿ ಕೂತು ತಾನೇ ಒತ್ತಿ ಹಿಡಿಯುತ್ತದೆ.

ಭಾನುವಾರ ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನದಲ್ಲಿ ಫಜೀತಿಯಾಯಿತು. ಕಾರಿನಲ್ಲಿ ಬಿಡಲು ಮರೆತಿದ್ದೆ; ಚಪ್ಪಲಿಯ ಜೊತೆ ಇಡಲು ಮನಸ್ಸು ಬರಲಿಲ್ಲ. ಎಡಗಂಕುಳಲ್ಲಿ ಅವುಚಿಕೊಂಡು ನಿಂತೆ. ಮಂಗಳಾರತಿ ಬಂತು, ಒಂದೇ ಕೈಯಲ್ಲಿ ತೆಗೆದುಕೊಂಡೆ. ತೀರ್ಥಕ್ಕೆ ಬಲಗೈ ಕೆಳಗೆ ಎಡಗೈ ಒಡ್ಡಬೇಕಲ್ಲ, ಕಂಕುಳ ಸಡಿಲಾಯಿತು, ಮೊಲ ನೆಲಕ್ಕೆ ಬಿತ್ತು. ಅಮ್ಮನಿಗೆ ಹೇಳಿಲ್ಲ.

ಆಗಸ್ಟ್ 4

ಒಳಪಟ್ಟಿ ಕಪ್ಪಾಗುತ್ತಿದೆ. ಉಳಿದ ನಾಲ್ಕು ಕೂದಲಿಗೆ ನಾನು ಹಚ್ಚುವ ಕೊಬ್ಬರಿ ಎಣ್ಣೆ ಚರ್ಮ ದಾಟಿ ಫೆಲ್ಟಿಗೂ ಇಳಿಯುವ ಹಾಗಿದೆ. ಅಮ್ಮನಿಗೆ ಇದನ್ನು ಮಾತ್ರ ಹೇಳಿದೆ. ತಕ್ಷಣ ಉತ್ತರ ಬಂತು: ಅಜ್ಜನ ಟೋಪಿಯ ಒಳಗೆ ಅಜ್ಜಿ ಹಳೆಯ ಧೋತರದ ಪಟ್ಟಿಯೊಂದನ್ನು ದೊಡ್ಡ ಹೊಲಿಗೆಯಲ್ಲಿ ಕೂರಿಸಿ, ವಾರಕ್ಕೊಮ್ಮೆ ಬಿಚ್ಚಿ ಒಗೆದು ಹಾಕುತ್ತಿದ್ದರಂತೆ. ನಾನು ಹೊಲಿಯಲಿಲ್ಲ, ಬೆರಳಗಲದ ಹತ್ತಿಯ ಪಟ್ಟಿಯನ್ನು ಒಳಪಟ್ಟಿಯ ಮೇಲೆ ಮಡಿಸಿ ಸಿಕ್ಕಿಸಿದೆ. ಟೋಪಿ ಕೂದಲೆಳೆಯಷ್ಟು ಬಿಗಿಯಾಯಿತು, ಸೇತುವೆಯ ಮೇಲೆ ಅದೂ ಅನುಕೂಲವೇ.

ಮಳೆಯಲ್ಲಿ ಮೂರು ಸಲ ಚೆನ್ನಾಗಿ ನೆನೆದಿದೆ. ಪ್ರತಿಸಲ ಕೊಡವಿ, ಒಳಪಟ್ಟಿಯನ್ನು ಹೊರಗೆ ಮಗುಚಿ, ಅದರ ಮೇಲೆಯೇ ನಿಲ್ಲಿಸಿ, ಹೀಟರಿಲ್ಲದ ಕೋಣೆಯಲ್ಲಿ ಬಿಟ್ಟೆ. ಅಳತೆ ಅಷ್ಟೇ ಇದೆ.

ಸೆಪ್ಟೆಂಬರ್ 8

ಬಿಸಿಲು ಏರುತ್ತಿದೆ. ಬಿಸಿಲಿಗೆ ಅಂಚು ಕನಿಷ್ಠ 7.5 ಸೆಂಟಿಮೀಟರ್ ಇರಬೇಕೆಂದು ಇಲ್ಲಿಯ ಕ್ಯಾನ್ಸರ್ ಕೌನ್ಸಿಲ್ ಹೇಳುತ್ತದೆ. ನನ್ನದು 6.5, ಅಳೆದು ನೋಡಿದೆ. ಬೇಸಿಗೆಗೆ ಹುಲ್ಲಿನ ಟೋಪಿ ಬೇರೆ ಹುಡುಕಬೇಕು. ಇದನ್ನು ಬ್ರಷ್ ಮಾಡಿ, ಅಂಚಿನ ಮೇಲೆ ಭಾರ ಬೀಳದಂತೆ ನೆತ್ತಿ ಕೆಳಗೆ ಮಾಡಿ, ನುಸಿ ಗುಳಿಗೆಯ ಜೊತೆ ಡಬ್ಬಿಗೆ ಸೇರಿಸುವುದು.

ಅದಕ್ಕೂ ಮುಂಚೆ ರಿಬ್ಬನ್ ಬದಲಿಸುವ ಕೆಲಸ ಬಾಕಿಯಿದೆ. ಕಡು ಕಂದು ರಿಬ್ಬನ್ ಒಂದು ಮೀಟರ್ ತಂದಿದ್ದೇನೆ. ಸುತ್ತು ಸಲೀಸಾಗಿ ಬಂತು. ಬೋ ಮಾತ್ರ ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದೇನೆ. ಸದ್ಯಕ್ಕೆ ಗುಂಡುಪಿನ್ನಿನ ಮೇಲೆ ನಿಂತಿದೆ.