ಓವನ್‌ನಲ್ಲಿಟ್ಟರೆ ಗಾಜಿನಂತಾಗುತ್ತಾ?

“ಅಣ್ಣಾ, ಟ್ರಾನ್ಸ್‌ಪರೆಂಟ್ ಅಂದಿದ್ರಿ, ಈ ಪ್ರಿಂಟು ಮಜ್ಜಿಗಿ ನೀರಿನಂಗ ಐತಲ್ಲ. ಓವನ್‌ನಾಗ ಇಟ್ಟು ಕಾಸಿದ್ರ ತಿಳಿ ಆಗ್ತೈತಂತಲ್ಲ?”

ಬಳ್ಳಾರಿಯಲ್ಲಿ ನನ್ನ ಹತ್ತಿರ ತ್ರೀಡಿ ಪ್ರಿಂಟರ್ (ಕರಗಿದ ಪ್ಲಾಸ್ಟಿಕ್ ಎಳೆಯನ್ನು ಪದರ ಪದರವಾಗಿ ಕೂರಿಸಿ ವಸ್ತು ಮಾಡುವ ಮೆಷಿನ್) ಇದೆ ಎಂದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿದ್ದಾರೆ. ಮೊನ್ನೆ ಕೇಳಿದವರು ಜೀನ್ಸ್ ಹೊಲಿಯುವ ಪರಿಚಯದವರು. ದೊಡ್ಡ ಹೊಲಿಗೆ ಮೆಷಿನ್‌ನ ತಲೆಯ ಮೇಲೆ, ಒಳಗೆ ಎಣ್ಣೆ ಚಿಮ್ಮುತ್ತಿದೆಯೋ ಇಲ್ಲವೋ ನೋಡಲು ಒಂದು ಪುಟ್ಟ ಪಾರದರ್ಶಕ ಮುಚ್ಚಳ ಇರುತ್ತದೆ. ಅವರದ್ದು ಒಡೆದಿತ್ತು.

ನನ್ನ ಉತ್ತರ: ಬರೀ ಕಾಸಿದರೆ ತಿಳಿ ಆಗುವುದಿಲ್ಲ. ಒಳಗಿನ ಗಾಳಿ ಹೋದರೆ ಆಗುತ್ತದೆ.

ಐಸ್ ಗೋಲಾ ನೆನಪಿಸಿಕೊಳ್ಳಿ. ಐಸ್ ಗಡ್ಡೆ ತಿಳಿಯಾಗಿರುತ್ತದೆ, ತುರಿದ ತಕ್ಷಣ ಬೆಳ್ಳಗಾಗುತ್ತದೆ. ಐಸ್ ಬದಲಾಗಿಲ್ಲ, ಚೂರುಗಳ ನಡುವೆ ಗಾಳಿ ಸೇರಿದೆ, ಅಷ್ಟೆ. ಒಂದೊಂದು ಚೂರಿನ ಅಂಚಿನಲ್ಲೂ ಬೆಳಕು ಬಾಗಿ ಚದುರುತ್ತದೆ. ಪ್ರಿಂಟಿನಲ್ಲೂ ಎಳೆಯ ಮೇಲೆ ಎಳೆ ಕೂರುತ್ತದೆ, ಸಂದಿಯಲ್ಲಿ ಕೂದಲಿನಷ್ಟು ಗಾಳಿ ಉಳಿಯುತ್ತದೆ. ಪ್ರಿಂಟಿಗೆ ಬಳಸುವ ಪೆಟ್‌ಜಿ ಎಂಬ ಪ್ಲಾಸ್ಟಿಕ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.57, ಗಾಳಿಯದ್ದು 1. ಈ ಅಂತರವೇ ಮಂಜು. ನಂಬಿಕೆ ಬರದಿದ್ದರೆ ಪ್ರಿಂಟಿನ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ನೋಡಿ. ತಟ್ಟನೆ ತಿಳಿಯಾದರೆ ತಪ್ಪು ಹೊರಮೈಯದ್ದು, ಓವನ್ ಬೇಡವೇ ಬೇಡ, ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದರೆ ಸಾಕು. ಹಾಗೇ ಉಳಿದರೆ ಗಾಳಿ ಒಳಗಿದೆ.

ಪ್ರಿಂಟು ಪಿಎಲ್‌ಎ ಎಂಬ ಇನ್ನೊಂದು ಪ್ಲಾಸ್ಟಿಕ್‌ನದ್ದಾಗಿದ್ದರೆ ಓವನ್ ಆಸೆ ಬಿಟ್ಟುಬಿಡಿ. ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುತ್ತದೆ (ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ನನ್ನ ಮೊಬೈಲ್ ಸ್ಟ್ಯಾಂಡ್ ಮಧ್ಯಾಹ್ನದೊಳಗೆ ನಮಸ್ಕಾರ ಹಾಕಿ ಮಲಗಿತ್ತು). 100 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಒಳಗೆ ಹರಳುಗಟ್ಟಿ, ಇದ್ದ ತಿಳಿಯೂ ಹೋಗಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬಿಸಿ ತಡೆಯುವ ಶಕ್ತಿ ಬರುತ್ತದೆ, ಪಾರದರ್ಶಕತೆ ಬರುವುದಿಲ್ಲ. ಪೆಟ್‌ಜಿ ಹೀಗೆ ಹರಳುಗಟ್ಟುವುದಿಲ್ಲ. ಆದರೆ 80ರ ಸುಮಾರಿಗೆ ಅದೂ ಬಾಗುತ್ತದೆ, ಗಾಳಿ ಮಾತ್ರ ಇದ್ದಲ್ಲೇ ಇರುತ್ತದೆ.

ಗಾಳಿ ಹೋಗಬೇಕಾದರೆ ಪ್ಲಾಸ್ಟಿಕ್ ನಿಜವಾಗಿ ಕರಗಬೇಕು, ಕರಗಿದರೆ ಆಕಾರ ಹೋಗುತ್ತದೆ. ಈ ಗಂಟನ್ನು ಬಿಡಿಸುವುದು ಉಪ್ಪು. ಅದು ಕರಗಲು 801 ಡಿಗ್ರಿ ಬೇಕು, ಅಲ್ಲಿಯವರೆಗೆ ಅಚ್ಚಿನಂತೆ ಕೂತಿರುತ್ತದೆ. ಉಪ್ಪನ್ನು ಹುರಿದು ತೇವ ತೆಗೆದು, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಪೆಟ್‌ಜಿ ತುಂಡಿನ ಸುತ್ತ ಸಂದಿ ಬಿಡದೆ ಒತ್ತಿ ತುಂಬಬೇಕು. ತುಂಡು 100 ಶೇಕಡ ಇನ್‌ಫಿಲ್‌ನದ್ದೇ, ಅಂದರೆ ಒಳಗೆಲ್ಲ ಪ್ಲಾಸ್ಟಿಕ್ ತುಂಬಿ ಪ್ರಿಂಟ್ ಮಾಡಿದ್ದೇ ಆಗಿರಬೇಕು, ಪೊಳ್ಳಾಗಿದ್ದರೆ ಕುಸಿಯುತ್ತದೆ. ಆಮೇಲೆ 220 ಡಿಗ್ರಿ. ನನ್ನ ಸಣ್ಣ ಡಬ್ಬಿಗೆ ಒಂದು ಗಂಟೆ ಹಿಡಿಯಿತು. ಉಪ್ಪಿನೊಳಗೆ ಬಿಸಿ ನಿಧಾನಕ್ಕೆ ಇಳಿಯುವುದರಿಂದ ಅವಸರ ನಡೆಯುವುದಿಲ್ಲ. ಓಟಿಜಿಯ (ಮನೆಯ ಕರೆಂಟ್ ಓವನ್) ಗುಂಡಿಯನ್ನೂ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಕಿಟಕಿ ತೆರೆದಿರಲಿ, ಆ ಓವನ್‌ನಲ್ಲಿ ಮತ್ತೆ ಅಡುಗೆ ಬೇಡ. ಮಿಕ್ಸಿ ಜಾರ್ ವಿಷಯಕ್ಕೆ ನಮ್ಮವ್ವ ಎರಡು ದಿನ ಮಾತು ಬಿಟ್ಟಿದ್ದಳು.

ಓವನ್ ಬಾಗಿಲು ತೆಗೆಯದೆ ತಣ್ಣಗಾಗಲು ಬಿಟ್ಟು, ನೀರಲ್ಲಿ ಹಾಕಿದರೆ ಉಪ್ಪು ಕರಗಿ ಹೋಗುತ್ತದೆ. ಕೈಗೆ ಸಿಗುವ ತುಂಡು ನೋಡಿ ಮೊದಲ ಸಲ ಬೇಜಾರಾಗುತ್ತದೆ: ಮೈಯೆಲ್ಲ ಉಪ್ಪಿನ ಕಾಳಿನ ಗುರುತು, ಉಜ್ಜಿದ ಗಾಜಿನ ಹಾಗೆ. ತಿಳಿ ಒಳಗಿದೆ. 400ರಿಂದ 2000 ನಂಬರಿನವರೆಗೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಮರಳು ಕಾಗದ) ತಿಕ್ಕಿ ಲ್ಯಾಕರ್ ಹೊಡೆದ ಮೇಲೆ ಹಿಂದಿಟ್ಟ ಪೇಪರಿನ ಅಕ್ಷರ ಓದಬಹುದು. ಅಳತೆ ಮಾತ್ರ ಸ್ವಲ್ಪ ಕುಗ್ಗಿರುತ್ತದೆ. ಚಪ್ಪಟೆ ಕಿಟಕಿಯೇ ಬೇಕಿದ್ದರೆ ಅಕ್ರಿಲಿಕ್ ಹಾಳೆ ಕತ್ತರಿಸಿ, ಇಷ್ಟೆಲ್ಲ ಪಾಡು ಯಾಕೆ?

ಜೀನ್ಸ್‌ನವರಿಗೂ ಅದನ್ನೇ ಹೇಳಿದೆ: ಆ ಮುಚ್ಚಳ ಅಂಗಡಿಯಲ್ಲಿ ಎರಡು ಪ್ಲೇಟ್ ವಗ್ಗಾಣಿ-ಮಿರ್ಚಿ ದುಡ್ಡಿಗೆ ಸಿಗುತ್ತದೆ. ಅಲ್ಲಿಯವರೆಗೆ ನಡೆಯಲಿ ಎಂದು, ನಿಧಾನವಾಗಿ, ಪ್ರಿಂಟರಿನ ಫ್ಯಾನ್ ಕಡಿಮೆ ಮಾಡಿ ಪ್ರಿಂಟ್ ಮಾಡಿದ ಒಂದನ್ನು ಕಾಸದೆಯೇ ಕೊಟ್ಟೆ. ಮೆಷಿನ್ ಓಡಿದ ಹಾಗೆ ಎಣ್ಣೆ ಒಳಮೈಗೆ ಸಿಡಿದು ಎಳೆಗಳ ಸಂದಿ ತುಂಬಿ, ಅದು ತಾನೇ ತಿಳಿಯಾಗಿದೆಯಂತೆ. ಈಗ ಅವರಿಗೆ ಇನ್ನೂ ಮೂರು ಬೇಕು, ಅಂಗಡಿಗೆ ಹೋಗಲೊಲ್ಲರು.