ಖಾಲಿ ಕೊಡ ಕಂಡವರೇ ತುಂಬಿಸುವುದು

ಯುವಕರ ಧ್ಯಾನಕೂಟ ಹೇಗೆ ನಡೆಸಬೇಕು ಎಂಬ ಮಾತನ್ನು ಒಂದು ಹಳೆಯ ಜಗಳದಿಂದ ಶುರು ಮಾಡುತ್ತೇನೆ. ಬುದ್ಧನ ಕಾಲದ ಕೋಸಂಬಿ ಎಂಬ ನಗರದ ಭಿಕ್ಷುಗಳು ಎರಡು ಪಂಗಡವಾಗಿ ಒಡೆದದ್ದು ಪಾಯಖಾನೆಯಲ್ಲಿ ಬಿಟ್ಟುಬಂದ ಒಂದಿಷ್ಟು ನೀರಿನ ಸಲುವಾಗಿ. ಧಮ್ಮಪದದ ಅಟ್ಟಕಥೆಯಲ್ಲಿ, ಅಂದರೆ ಅದರ ಹಳೆಯ ಪಾಲಿ ವ್ಯಾಖ್ಯಾನದಲ್ಲಿ, ಹಾಗಿದೆ: ಒಬ್ಬರು ಬಳಸಿ ಉಳಿದ ನೀರನ್ನು ಪಾತ್ರೆಯಲ್ಲೇ ಬಿಟ್ಟು ಬಂದರು, ಇನ್ನೊಬ್ಬರು ಅದು ವಿನಯಕ್ಕೆ, ಅಂದರೆ ಭಿಕ್ಷುಗಳ ನಿಯಮಕ್ಕೆ, ವಿರುದ್ಧ ಎಂದರು, ಇಬ್ಬರ ಶಿಷ್ಯರೂ ನಡುವೆ ಬಿದ್ದರು, ಬುದ್ಧನೇ ಹೇಳಿದರೂ ಯಾರೂ ಕೇಳಲಿಲ್ಲ. ಬಾಡಿಗೆ ರೂಮಿನಲ್ಲಿ ನಾಲ್ಕು ಹುಡುಗರು ಬಕೆಟ್ಟಿನ ಮೇಲೆ ಮಾಡುವ ಜಗಳ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬುದ್ಧ ಬೇಸತ್ತು ಒಬ್ಬನೇ ಹೊರಟ. ಹೋಗಿ ಮುಟ್ಟಿದ್ದು ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಇದ್ದ ಬಿದಿರಿನ ತೋಪು.

ಹಾಲು ನೀರು ಬೆರೆತಂತೆ, ಒಬ್ಬರನ್ನೊಬ್ಬರು ಪ್ರೀತಿಯ ಕಣ್ಣಿನಿಂದ ನೋಡುತ್ತ ಇದ್ದೀರಾ ಎಂದು ಬುದ್ಧ ಕೇಳಿದ. ಹೌದು ಎಂದ ಅನುರುದ್ಧ. ಅದು ಹೇಗೆ ಎಂದಾಗ ಅವನು ಕೊಟ್ಟ ಉತ್ತರ ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿದೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸುತ್ತಾನೆ, ಕುಡಿಯಲು ಮತ್ತು ಕಾಲು ತೊಳೆಯಲು ನೀರಿಡುತ್ತಾನೆ. ಕೊನೆಗೆ ಬಂದವನು ಉಳಿದದ್ದನ್ನು ಬೇಕಾದರೆ ಉಂಡು, ಆಸನ ಎತ್ತಿಟ್ಟು ಕಸ ಗುಡಿಸುತ್ತಾನೆ. ಕೊಡ ಖಾಲಿಯಾದದ್ದು ಯಾರ ಕಣ್ಣಿಗೆ ಬಿತ್ತೋ ಅವನೇ ತುಂಬಿಸುತ್ತಾನೆ. ಒಬ್ಬನಿಗೆ ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುತ್ತಾನೆ, ಇಬ್ಬರೂ ಕೂಡಿ ಎತ್ತುತ್ತಾರೆ, ಮೌನ ಕೆಡುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕುಳಿತು ಧಮ್ಮದ ಮಾತು. ಯುವಕರ ಧ್ಯಾನಕೂಟ ಶುರು ಮಾಡಬೇಕು ಎನ್ನುವವರಿಗೆ ಉಸಿರಾಟದ ಪಾಠಕ್ಕಿಂತ ಮೊದಲು ಈ ಭಾಗ ಓದಿಸಬೇಕು ಎಂಬುದು ನನ್ನ ಹಟ. ಧ್ಯಾನವನ್ನು ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಮಾಡಬಹುದು. ಕೂಟ ಬೇಕಾಗುವುದು ಕೊಡ ಎತ್ತುವುದಕ್ಕೆ.

ಇಂಥ ಕೂಟಗಳ ಈಗಿನ ರೂಪ ಬಹುಪಾಲು ವಿಯೆಟ್ನಾಮಿನ ಝೆನ್ ಭಿಕ್ಷು ಥಿಕ್ ನಾತ್ ಹಾನ್ (1926–2022) ಅವರಿಂದ ಬಂದದ್ದು. 1982ರಲ್ಲಿ ಫ್ರಾನ್ಸಿನ ನೈಋತ್ಯಕ್ಕೆ ಅವರು ಕಟ್ಟಿದ ಪ್ಲಮ್ ವಿಲೇಜ್ ಎಂಬ ಆಶ್ರಮದಿಂದಲೇ 2008ರಲ್ಲಿ 18ರಿಂದ 35 ವರ್ಷದವರಿಗಾಗಿ ವೇಕ್ ಅಪ್ ಎಂಬ ಕೂಟಗಳು ಹೊರಟವು. ನಮ್ಮ ಕಡೆ ಬುದ್ಧ ಬಂದದ್ದು ಬೇರೆ ದಾರಿಯಿಂದ: 1956ರ ಅಕ್ಟೋಬರ್ 14, ನಾಗಪುರ, ಬಾಬಾಸಾಹೇಬ ಅಂಬೇಡ್ಕರ್ ಅವರ ಬೌದ್ಧ ದೀಕ್ಷೆ. ಬಾಗಲಕೋಟೆಯಂಥ ಊರಲ್ಲಿ ಕೂಟ ಹಾಕಿದರೆ ಎರಡೂ ದಾರಿಯವರು ಬರುತ್ತಾರೆ. ಕೆಪಿಎಸ್‌ಸಿ, ಪಿಎಸ್‌ಐ ಎಂದು ಓದಿ ಓದಿ ನಿದ್ದೆ ಕಳೆದುಕೊಂಡವರು ಉಸಿರಾಟ ಕಲಿಯಲು ಬರುತ್ತಾರೆ. ‘ಜೈ ಭೀಮ್’ ಎಂದು ಕೈ ಮುಗಿದು ಒಳಗೆ ಬರುವವರಿಗೆ ಧಮ್ಮ ಎಂದರೆ ಮೊದಲು ಸಮಾನತೆ. ಒಬ್ಬರಿಗೆ ಇನ್ನೊಬ್ಬರದು ರಾಜಕೀಯ ಅನ್ನಿಸುತ್ತದೆ, ಇನ್ನೊಬ್ಬರಿಗೆ ಇವರದು ಶೋಕಿ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಲು ಆಗದ ಕೂಟಕ್ಕೆ ಬುದ್ಧನ ಹೆಸರು ಯಾಕೆ?

ಹಾಗಾಗಿ ಬಾಗಿಲಲ್ಲೇ ಒಂದು ನಿಯಮ ಬೇಕು: ಪರಿಚಯದಲ್ಲಿ ಹೆಸರು ಮಾತ್ರ, ಅಡ್ಡಹೆಸರು ಇಲ್ಲ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಮುಂದಿನದು ತಾನಾಗಿಯೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಚಾ ಕುಡಿಯುವಾಗ ಯಾರಾದರೂ ‘ನೀವು ಯಾರ ಪೈಕಿ?’ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ, ಆದರೆ ಕೇಳಿಸಿಕೊಂಡವರು ಮುಂದಿನ ವಾರ ಬರುವುದಿಲ್ಲ. ಬಾಗಿಲಲ್ಲಿ ನಿಲ್ಲುವವರು ‘ಬರ್ರಿ, ಕುಂದರ್ರಿ, ಚಪ್ಪಲಿ ಇಲ್ಲಿ ಬಿಡ್ರಿ’ ಎಂದು ಜಾಗ ತೋರಿಸಿ ಈ ನಿಯಮವನ್ನೂ ಅಲ್ಲೇ ಹೇಳಿಬಿಡಬೇಕು. ಆಮೇಲೆ ತಿದ್ದುವುದು ಕಷ್ಟ.

ವೇಳೆ ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂಕಾಲು. ಏಪ್ರಿಲ್, ಮೇ ತಿಂಗಳಲ್ಲಿ ಆರಕ್ಕೇ ಶುರು ಮಾಡಬೇಕು, ಎಂಟು ಗಂಟೆಯ ಮೇಲೆ ಆರ್‌ಸಿಸಿ ಚಾವಣಿಯ ಕೆಳಗೆ ಕೂರಲು ಆಗುವುದಿಲ್ಲ. ಸಂಜೆಯ ಕೂಟಕ್ಕೆ ಹುಡುಗಿಯರು ಬರುವುದು ಕಡಿಮೆ. ಹಾಸ್ಟೆಲ್ ಗೇಟು, ಮನೆಯವರ ಚಿಂತೆ ಎರಡೂ ಇರುತ್ತವೆ. ಬೆಳಕಿನಲ್ಲಿ ಶುರುವಾಗಿ ಬೆಳಕಿನಲ್ಲಿ ಮುಗಿಯಬೇಕು, ನಡೆಸುವವರಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳಿರಬೇಕು, ಮೊದಲ ದಿನ ಅಪ್ಪನೋ ಕಾಕಾನೋ ಜೊತೆಗೆ ಬಂದರೆ ಅವರಿಗೂ ಒಂದು ಚಾಪೆ ಹಾಕಬೇಕು. ಜಾಗ ವಾಚನಾಲಯದ ಕೋಣೆ, ಸಮುದಾಯ ಭವನ, ಶಾಲೆಯ ವರಾಂಡ ಯಾವುದಾದರೂ ಆದೀತು. ಒಬ್ಬರ ಮನೆ ಮಾತ್ರ ಬೇಡ. ಮನೆಯಾದರೆ ಆ ಮನೆಯವರು ಯಜಮಾನರಾಗುತ್ತಾರೆ, ಉಳಿದವರು ಬೀಗರಾಗುತ್ತಾರೆ. ಬೀಗರು ಕೊಡ ಎತ್ತುವುದಿಲ್ಲ.

ಮೊದಲ 20 ನಿಮಿಷ ಕೂರುವುದು. ಕೂಟ ಬಿಟ್ಟುಹೋಗುವವರಲ್ಲಿ ಅರ್ಧ ಜನ ಬಿಡುವುದು ಕಾಲು ಜೋಮು ಹಿಡಿದು ಎಂದರೆ ನಗಬೇಡಿ. ಚಪ್ಪಟೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಏಳುತ್ತದೆ, ಬೆನ್ನು ಬಾಗುತ್ತದೆ, ಕಾಲಿನ ನರ ಒತ್ತಿಹೋಗುತ್ತದೆ. ಅದಕ್ಕೆ ದುಬಾರಿ ದಿಂಬು ಬೇಡ. ಮನೆಯಲ್ಲಿ ಅವ್ವ ಹೊಲಿದ ಕೌದಿಯನ್ನು ನಾಲ್ಕರಿಂದ ಆರು ಇಂಚು ದಪ್ಪ ಬರುವ ಹಾಗೆ ಮಡಚಿ, ಅದರ ಮುಂದಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕುಂಡಿ ಊರಬೇಕು. ಆಗ ಸೊಂಟ ಮುಂದಕ್ಕೆ ವಾಲಿ ಮೊಣಕಾಲು ತಾನಾಗಿಯೇ ನೆಲ ಮುಟ್ಟುತ್ತದೆ. ಮುಟ್ಟದಿದ್ದರೆ ಇನ್ನೊಂದು ಮಡಿಕೆ. ಕುರ್ಚಿಯೂ ಆಗಬಹುದು; ಪಾದ ಪೂರ್ತಿ ನೆಲದ ಮೇಲಿರಲಿ, ಬೆನ್ನು ಒರಗದಿರಲಿ. ಉಸಿರನ್ನು ಎಳೆಯುವುದು, ಹಿಡಿಯುವುದು ಬೇಡ, ಇದು ಪ್ರಾಣಾಯಾಮ ಅಲ್ಲ. ಉಸಿರಿನ ಮೇಲಿನ ಎಚ್ಚರವನ್ನು ಕುರಿತ ಬುದ್ಧನ ಉಪದೇಶವಾದ ಆನಾಪಾನಸತಿ ಸುತ್ತದ 16 ಹೆಜ್ಜೆಗಳಲ್ಲಿ ಮೊದಲ ಎರಡೇ ಹೊಸಬರಿಗೆ ತಿಂಗಳುಗಟ್ಟಲೆ ಸಾಕಾಗುತ್ತವೆ: ಉದ್ದ ಉಸಿರಾದರೆ ಉದ್ದ ಎಂದು, ಗಿಡ್ಡವಾದರೆ ಗಿಡ್ಡ ಎಂದು ತಿಳಿಯುವುದು. ಎಣಿಸುವವರು ಒಂದರಿಂದ ಹತ್ತು ಎಣಿಸಿ, ತಪ್ಪಿದರೆ ಮತ್ತೆ ಒಂದಕ್ಕೆ ಬರಬೇಕು. ತಪ್ಪಿದ್ದು ಗೊತ್ತಾದ ಕ್ಷಣವೇ ಅಭ್ಯಾಸ. ಬಹಳ ಜನ ಅದನ್ನೇ ಫೇಲು ಎಂದುಕೊಳ್ಳುತ್ತಾರೆ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಒಂದು ಮೀಟರು ದೂರದ ನೆಲ ನೋಡಬೇಕು.

ಗಂಟೆಯ ಮಾತು. ದೇವರ ಜಗಲಿಯ ಕೈಗಂಟೆಗೆ ಆತುರ ಜಾಸ್ತಿ, ಜಾಗಟೆಯಂತೂ ಬೇಡವೇ ಬೇಡ. ಅಗಲ ಬಾಯಿಯ ಕಂಚಿನ ಬಟ್ಟಲು, ಬಟ್ಟೆ ಸುತ್ತಿದ ಕಟ್ಟಿಗೆಯ ತುಂಡು ಸಾಕು. ಬಟ್ಟಲನ್ನು ಚಾಚಿದ ಅಂಗೈ ಮೇಲೆ ಇಡಬೇಕು. ಬೆರಳಿನಿಂದ ಹಿಡಿದರೆ ನಾದ ಸತ್ತುಹೋಗುತ್ತದೆ. ಮೊದಲು ಒಂದು ಅರೆನಾದ, ಅಂದರೆ ಕೋಲನ್ನು ಮುಟ್ಟಿಸಿ ಅಲ್ಲೇ ಒತ್ತಿ ಹಿಡಿಯುವುದು, ‘ಎಚ್ಚರ’ ಎಂದು ಹೇಳಿದ ಹಾಗೆ. ಒಂದು ಉಸಿರು ಬಿಟ್ಟು ಪೂರ್ತಿ ನಾದ. ಮೂರು ಉಸಿರಾಟದ ನಂತರ ಮತ್ತೊಂದು, ಹೀಗೆ ಮೂರು ಸಲ. ಪ್ಲಮ್ ವಿಲೇಜಿನವರು ಗಂಟೆ ಬಾರಿಸುವುದು ಎನ್ನುವುದಿಲ್ಲ, ಗಂಟೆಯನ್ನು ಆಮಂತ್ರಿಸುವುದು ಎನ್ನುತ್ತಾರೆ. ಕೇಳಲು ನಾಟಕ ಅನ್ನಿಸಬಹುದು, ಆದರೆ ಆ ಮಾತು ಹೇಳಿಕೊಂಡ ಕೈ ನಿಧಾನವಾಗುವುದು ನಿಜ. ಆಮೇಲೆ ಹತ್ತು ಹದಿನೈದು ನಿಮಿಷ ಸಾಲಾಗಿ ನಿಧಾನ ನಡಿಗೆ, ಉಸಿರಿಗೆ ಎರಡೋ ಮೂರೋ ಹೆಜ್ಜೆ. ನಡಿಗೆಗೆ ಮೊಬೈಲು ತರಬಾರದು ಎಂಬುದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ.

ನಿಜವಾದ ಕೆಲಸ ಚಾದಿಂದ ಶುರು. ಹತ್ತು ಜನಕ್ಕೆ ಅರ್ಧ ಲೀಟರ್ ಹಾಲು, ಅರ್ಧ ಲೀಟರ್‌ಗಿಂತ ತುಸು ಹೆಚ್ಚು ನೀರು. ಕುದಿದು ಇಂಗಿ ಸಣ್ಣ ಲೋಟದ ತುಂಬ ಒಂದೊಂದು ಬರುತ್ತದೆ. ಕಾಗದದ ಕಪ್ಪು ತರುವ ಉಪಾಯ ಯಾರಾದರೂ ಹೇಳುತ್ತಾರೆ, ಒಪ್ಪಬಾರದು. ಸ್ಟೀಲ್ ಲೋಟವೇ ಬೇಕು, ಯಾಕೆಂದರೆ ತೊಳೆಯಬೇಕು. ಇನ್ನೊಬ್ಬರ ಎಂಜಲು ಲೋಟ ತೊಳೆಯುವುದಕ್ಕೆ ನಮ್ಮ ಊರುಗಳಲ್ಲಿ ಏನರ್ಥ ಎಂಬುದನ್ನು ವಿವರಿಸಬೇಕಾಗಿಲ್ಲ. ಒಬ್ಬರು ತೊಳೆದು ಇನ್ನೊಬ್ಬರು ಒರೆಸುವಾಗ ಆಡುವ ಎರಡು ಮಾತಿನಲ್ಲಿ ಬೆಳೆಯುವ ದೋಸ್ತಿ ಭಾಷಣದಿಂದ ಬೆಳೆಯುವುದಿಲ್ಲ.

ಚಾ ಆದ ಮೇಲೆ ಮಾತಿನ ಸುತ್ತು. ಮಾತಾಡಬೇಕು ಎನ್ನುವವರು ಕೈ ಮುಗಿಯುತ್ತಾರೆ, ಉಳಿದವರೂ ಮುಗಿಯುತ್ತಾರೆ; ‘ಶರಣು’ ಎಂದು ಬೆಳೆದವರಿಗೆ ಇದು ಹೊಸದಲ್ಲ. ಅವರು ಮತ್ತೆ ಕೈ ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಒಬ್ಬರಿಗೆ ಮೂರರಿಂದ ನಾಲ್ಕು ನಿಮಿಷ, ನಡುವೆ ಮೂರು ಉಸಿರಿನ ಮೌನ. ಹತ್ತು ಜನಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದ್ದರಿಂದ ಹನ್ನೆರಡು ಜನ ದಾಟಿದರೆ ಎರಡು ಗುಂಪಾಗಿ ಬೇರೆ ಬೇರೆ ಕೂರಬೇಕು. ಮಾತು ‘ನಾನು’ ಎಂದು ಶುರುವಾಗಬೇಕು, ‘ಈಗಿನ ಹುಡುಗರು’ ಎಂದಲ್ಲ. ಸರದಿಯಂತೆ ಎಲ್ಲರೂ ಮಾತಾಡಲೇಬೇಕು ಎಂಬ ಒತ್ತಾಯ ಬೇಡ. ಆರು ವಾರ ಸುಮ್ಮನೆ ಕೂತವರು ಏಳನೆಯ ವಾರ ಬಾಯಿ ಬಿಡುವುದುಂಟು.

ಎಲ್ಲಕ್ಕಿಂತ ಕಷ್ಟದ ನಿಯಮ ಸಲಹೆ ಕೊಡಬಾರದು ಎಂಬುದು. ನಮ್ಮ ಕಡೆ ಸಲಹೆ ಎಂದರೆ ಪ್ರೀತಿ. ಒಬ್ಬ ಹುಡುಗ ಮೂರನೆಯ ಸಲವೂ ಲಿಸ್ಟಿನಲ್ಲಿ ಹೆಸರು ಬರಲಿಲ್ಲ ಎಂದರೆ ‘ಹಂಗಲ್ಲೋ ತಮ್ಮಾ, ನೀ ಹಿಂಗ ಮಾಡು’ ಎನ್ನದೆ ಇರುವುದು ಮನುಷ್ಯತ್ವವೇ ಅಲ್ಲ ಅನ್ನಿಸುತ್ತದೆ. ಆದರೆ ಸಲಹೆ ಬಿದ್ದ ಕೂಡಲೇ ಏನಾಗುತ್ತದೆ ನೋಡಿ: ಹೇಳಿದವನು ಸಣ್ಣವನಾಗುತ್ತಾನೆ, ಸಲಹೆ ಕೊಟ್ಟವನು ದೊಡ್ಡವನಾಗುತ್ತಾನೆ, ಉಳಿದವರು ತಮ್ಮ ಸಂಕಟವನ್ನು ಒಳಗೇ ಮಡಚಿಟ್ಟುಕೊಳ್ಳುತ್ತಾರೆ. ಸಲಹೆ ವೇಷ ಹಾಕಿಯೂ ಬರುತ್ತದೆ. ‘ನೀವು ಕೋಚಿಂಗ್ ಬದಲಿಸಿ ನೋಡಿದಿರಾ?’ ಎಂಬುದು ಪ್ರಶ್ನೆಯಲ್ಲ. ‘ನನಗೂ ಹಿಂಗ ಆಗಿತ್ತು, ನಾನು ಏನು ಮಾಡಿದೆ ಅಂದ್ರ’ ಎಂಬುದು ಅನುಭವ ಹಂಚಿಕೆಯೂ ಅಲ್ಲ. ‘ಛೇ, ಪಾಪ’ ಕೂಡ ಬೇಡ. ಯಾರಾದರೂ ಹತ್ತು ನಿಮಿಷ ದಾಟಿದರೆ ಗಂಟೆ ಹಿಡಿದವರು ಒಂದು ನಾದ ಬಿಡುತ್ತಾರೆ, ಎಲ್ಲರೂ ಉಸಿರಾಡುತ್ತಾರೆ, ಮಾತು ತಾನಾಗಿ ಮುಗಿಯುತ್ತದೆ. ಬೈಯುವ ಪ್ರಸಂಗ ಬರುವುದಿಲ್ಲ. ಸುತ್ತಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬುದು ಎಲ್ಲರಿಗೂ ಗೊತ್ತು. ಅದರ ಎರಡನೆಯ ಅರ್ಧ ಮರೆತುಹೋಗುತ್ತದೆ: ಹೇಳಿದವರನ್ನೇ ಆಮೇಲೆ ಖಾನಾವಳಿಯಲ್ಲಿ ಕಂಡಾಗಲೂ, ಅವರನ್ನು ಕೇಳದೆ ಆ ವಿಷಯ ಎತ್ತಬಾರದು.

ಸುತ್ತು ಚಿಕಿತ್ಸೆ ಅಲ್ಲ. ಸಾಯಬೇಕು ಅನ್ನಿಸುತ್ತದೆ ಎಂದವರನ್ನು, ವಾರಗಟ್ಟಲೆ ನಿದ್ದೆ ಇಲ್ಲದವರನ್ನು, ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚಾಗುವವರನ್ನು ಇನ್ನಷ್ಟು ಕೂರಿಸುವುದು ತಪ್ಪು. ಅವರ ಪಕ್ಕದಲ್ಲಿ ಕುಳಿತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನು ಹಚ್ಚಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೆ ಹೋಗಬೇಕು. ಇಲ್ಲಿ ಸಲಹೆಯ ನಿಯಮ ನಡೆಯುವುದಿಲ್ಲ. ಕೊಡ ಒಬ್ಬರಿಗೆ ಭಾರವಾದ ಹೊತ್ತು ಇದು.

ಕೆಲಸ ನಾಲ್ಕು: ಗಂಟೆ, ಚಾ, ಬಾಗಿಲು, ಕಸ. ತಿಂಗಳಿಗೊಮ್ಮೆ ಬದಲು. ಚೆನ್ನಾಗಿ ಗಂಟೆ ಹಿಡಿಯುವವರನ್ನೇ ಆರು ತಿಂಗಳು ಮುಂದುವರಿಸಿದರೆ ಅವರ ದನಿ ಸಣ್ಣದಾಗುತ್ತದೆ, ಶಾಲು ಹೆಗಲೇರುತ್ತದೆ, ಯಾರೋ ಒಬ್ಬರು ಕಾಲಿಗೆ ಬೀಳುತ್ತಾರೆ. ಮಠಗಳ ನಾಡಿನಲ್ಲಿ ಗುರು ಹುಟ್ಟಲು ಬಹಳ ಹೊತ್ತು ಬೇಡ. ಶುಲ್ಕ ಬೇಡ, ಬಾಗಿಲ ಹತ್ತಿರ ಒಂದು ಡಬ್ಬಿ ಇರಲಿ, ಯಾರು ಎಷ್ಟು ಹಾಕಿದರು ಎಂದು ನೋಡಬಾರದು. ವಾಟ್ಸ್ಆ್ಯಪ್ ಗುಂಪಿನಲ್ಲಿ ವಾರಕ್ಕೆ ಒಂದೇ ಸಂದೇಶ, ಜಾಗ ಮತ್ತು ವೇಳೆ. ಫಾರ್ವರ್ಡ್ ಇಲ್ಲ. ಗುಂಪಿನಿಂದ ಹುಡುಗಿಯರ ನಂಬರು ತೆಗೆದು ‘ಗುಡ್ ಮಾರ್ನಿಂಗ್’ ಕಳಿಸುವವರಿಗೆ ಒಂದು ಸಲ ಹೇಳಿ, ಎರಡನೆಯ ಸಲ ತೆಗೆದುಹಾಕಬೇಕು. ಇದರಲ್ಲಿ ಕರುಣೆ ತೋರಿಸಿದ ಕೂಟದಲ್ಲಿ ಆರು ತಿಂಗಳಿಗೆ ಗಂಡುಹುಡುಗರು ಮಾತ್ರ ಉಳಿಯುತ್ತಾರೆ.

ಜಗಳ ಬರುತ್ತದೆ. ಅದಕ್ಕೆ ಪ್ಲಮ್ ವಿಲೇಜಿನಲ್ಲಿ ಹೊಸದಾಗಿ ಶುರು ಮಾಡುವುದು ಎಂಬ ಪದ್ಧತಿ ಇದೆ. ನಡುವೆ ಒಂದು ಹೂವಿನ ಕುಂಡ. ಮಾತಾಡುವವರು ಅದನ್ನು ತಮ್ಮ ಮುಂದೆ ತಂದಿಟ್ಟುಕೊಳ್ಳುತ್ತಾರೆ. ಮೊದಲು ಇನ್ನೊಬ್ಬರಲ್ಲಿ ಕಂಡ ಒಳ್ಳೆಯದು, ಆಮೇಲೆ ತನ್ನಿಂದಾದ ತಪ್ಪು, ಆಮೇಲೆ ತನಗಾದ ನೋವು, ಕೊನೆಗೆ ತನಗೆ ಬೇಕಾದ ನೆರವು. ಕ್ರಮ ತಪ್ಪಿ ನೋವಿನಿಂದಲೇ ಶುರು ಮಾಡಿದರೆ ಪಂಚಾಯ್ತಿ ಕಟ್ಟೆಯಾಗುತ್ತದೆ. ಮೊದಲ ಹೆಜ್ಜೆಯಲ್ಲೇ ಬಹಳ ಮಂದಿ ಎಡವುತ್ತಾರೆ, ಹೊಗಳಿಕೆ ಸನ್ಮಾನ ಸಮಾರಂಭದ ಧಾಟಿಗೆ ಹೋಗುತ್ತದೆ. ‘ನೀವು ಬಹಳ ದೊಡ್ಡ ಮನಸ್ಸಿನವರು’ ಬೇಡ. ‘ಹೋದ ವಾರ ಮಳೆಯಲ್ಲಿ ಹಾಲು ತಂದಿರಿ’ ಬೇಕು.

ವರ್ಷಕ್ಕೆ ಒಂದೆರಡು ಸಲ ಎಲ್ಲರೂ ಕೂಡಿ ಐಹೊಳೆಗೆ ಹೋಗಬಹುದು. ಮೇಗುಟಿ ಗುಡ್ಡದ ತುದಿಯಲ್ಲಿ 634ರ ರವಿಕೀರ್ತಿ ಶಾಸನವಿರುವ ಜೈನ ಗುಡಿ ನೋಡಿ ಬರುವವರು, ಅದರ ಕೆಳಗೇ ಇಳಿಜಾರಿನಲ್ಲಿ ಬಂಡೆಗೆ ಒರಗಿ ನಿಂತ ಎರಡಂತಸ್ತಿನ ಬೌದ್ಧ ಗುಡಿಯನ್ನು ದಾಟಿಯೇ ಹೋಗುತ್ತಾರೆ. ಬಾದಾಮಿಯಲ್ಲೂ ಹಾಗೆಯೇ: ಎರಡನೆಯ ಮತ್ತು ಮೂರನೆಯ ಗುಹೆಯ ನಡುವಿನ ಸಹಜ ಗವಿಯಲ್ಲಿ ಪದ್ಮಪಾಣಿ ಬೋಧಿಸತ್ವನ ಶಿಲ್ಪವಿದೆ. ಬೆಳಿಗ್ಗೆ ಬೇಗ ಮುಟ್ಟಬೇಕು, ಹತ್ತರ ಮೇಲೆ ಮರಳುಗಲ್ಲು ಬರಿಗಾಲು ಸುಡುತ್ತದೆ. ಸ್ಮಾರಕದೊಳಗೆ ಗಂಟೆ ಬೇಡ, ಉಸಿರು ಸಾಕು. ರೊಟ್ಟಿ, ಶೇಂಗಾ ಚಟ್ನಿ ಚೀಲದೊಳಗೇ ಇರಲಿ. ಬಾದಾಮಿಯ ಮಂಗಗಳು ಧ್ಯಾನಿಗಳೆಂದು ಬಿಡುವುದಿಲ್ಲ.

ಪರೀಕ್ಷೆಯ ತಿಂಗಳಲ್ಲಿ, ಜಾತ್ರೆಯ ದಿನಗಳಲ್ಲಿ ಕೂಟಕ್ಕೆ ಇಬ್ಬರೇ ಬರುತ್ತಾರೆ. ಆಗ ರದ್ದು ಎಂದು ಸಂದೇಶ ಹಾಕಬಾರದು, ಮುಂದಿನ ವಾರ ಆ ಇಬ್ಬರೂ ಬರುವುದಿಲ್ಲ. ಇಬ್ಬರಿಗೆ 100 ಮಿಲಿ ಹಾಲು ಸಾಕು. ಮೊದಲು ಬಂದವರು ಚಾಪೆ ಹಾಸಲಿ, ಆಮೇಲೆ ಬಂದವರು ಲೋಟ ತೊಳೆಯಲಿ.