ಏಳು ಲಕ್ಷ ಚಿಲ್ಲರೆಗೆ ಇಷ್ಟು ಮಾತು

ಅಮೆರಿಕದ ಮಿಲ್ವಾಕಿಯಲ್ಲಿರುವ ತಮ್ಮ ಇವತ್ತು ಫೋನಿನಲ್ಲಿ ಮತ್ತೆ ಕಾರ್ಬಿನ್ ಬರ್ನ್ಸ್ ಪುರಾಣ ತೆಗೆದ.

ಆ ಊರಿನ ಬೇಸ್‌ಬಾಲ್ ತಂಡ ಬ್ರೂವರ್ಸ್‌ನ ಪಿಚರ್, ಅಂದರೆ ಚೆಂಡು ಎಸೆಯುವವನು, ಆಗಿದ್ದವನು. 2021ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. 2023ಕ್ಕೆ ಅವನು ಕೇಳಿದ ಸಂಬಳ 1 ಕೋಟಿ 7.5 ಲಕ್ಷ ಡಾಲರ್. ತಂಡ ಹೇಳಿದ್ದು 1 ಕೋಟಿ 10 ಸಾವಿರ. ಸರಿ, ಆರ್ಬಿಟ್ರೇಷನ್‌ಗೆ, ಅಂದರೆ ಮಧ್ಯಸ್ಥರ ತೀರ್ಪಿಗೆ, ಹೋದರು.

ಅಲ್ಲಿ ಮೂವರು ಕೂತು ಎರಡೂ ಕಡೆ ಕೇಳುತ್ತಾರೆ. ಆಟಗಾರನ ಅಂಕಿ, ಇಲ್ಲಾ ತಂಡದ ಅಂಕಿ. ನಡುವಿನ ಅಂಕಿ ಹೇಳುವ ಹಾಗೇ ಇಲ್ಲ. ನಮ್ಮೂರ ಪಂಚಾಯ್ತಿ ಆಗಿದ್ದರೆ ಅರ್ಧರ್ಧ ಮಾಡಿ, ಕಾಫಿ ಕುಡಿಸಿ ಕಳಿಸುತ್ತಿದ್ದರು!

ಗೆಲ್ಲಬೇಕಂದ್ರೆ ತಂಡದವರು ತಮ್ಮ ಆಟಗಾರನ ಬೆಲೆ ತಾವೇ ಇಳಿಸಬೇಕು. ಅದೂ ಅವನ ಕಿವಿಗೆ ಬೀಳುವ ಹಾಗೆ. ಪ್ಲೇಆಫ್ ತಪ್ಪಿದ್ದಕ್ಕೂ ನನ್ನನ್ನೇ ಮುಂದೆ ಮಾಡಿದರು ಅಂತ ಬರ್ನ್ಸ್ ಆಮೇಲೆ ಸುದ್ದಿಗಾರರ ಮುಂದೆ ಹೇಳಿಕೊಂಡ. ಕೇಸೂ ಸೋತ.

2024ರ ಫೆಬ್ರವರಿಯಲ್ಲಿ ಅವನನ್ನು ಬಾಲ್ಟಿಮೋರ್ ತಂಡಕ್ಕೆ ಕೊಟ್ಟು ಇಬ್ಬರು ಎಳೆಯ ಆಟಗಾರರನ್ನೂ ಒಂದು ಡ್ರಾಫ್ಟ್ ಪಿಕ್ಕನ್ನೂ (ಹೊಸ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ) ತಗೊಂಡರು. ಇನ್ನೊಂದು ವರ್ಷ ಕಾದಿದ್ದರೆ ಅವನು ಹೇಗೂ ಫ್ರೀ ಏಜೆಂಟ್, ಬೇಕಾದ ತಂಡಕ್ಕೆ ಹೋಗಬಹುದಿತ್ತು. ಅವನಿಲ್ಲದೆಯೂ 2024ರಲ್ಲಿ ಬ್ರೂವರ್ಸ್ ತಮ್ಮ ಡಿವಿಷನ್‌ನಲ್ಲಿ, ಅಂದರೆ ಲೀಗಿನೊಳಗಿನ ತಮ್ಮ ಗುಂಪಿನಲ್ಲಿ, ಮೊದಲು ಬಂದರು.

ಲೆಕ್ಕ ಸರಿಯಾಗೇ ಇದೆ, ಒಪ್ಪುತ್ತೇನೆ. ಆದರೂ 7.4 ಲಕ್ಷ ಡಾಲರ್‌ಗೋಸ್ಕರ ತಂಡದ ಅತ್ಯುತ್ತಮ ಪಿಚರ್‌ಗೆ ಅಷ್ಟೆಲ್ಲ ಅನ್ನಬೇಕಿತ್ತಾ? ಅದೇ ನನ್ನ ತಕರಾರು.